ಹಗೇವಿನ ಸಣ್ಣಯ್ಯ

ಎರಡನೆಯ ಜರ್ಮನ್ ಯುದ್ಧ ಶುರುವಾದ ಮರುವರ್ಷ ನಾನು ತಿರುಮಕೂಡಲು ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ದಂಡಿಗೆ ಸೇರಲು ಒಪ್ಪಿದವರ ಹೆಸರು ಬರೆದುಕೊಂಡು ಬಾ ಎಂದು ನನ್ನನ್ನೂ ಜವಾನ ಕಲ್ಲಯ್ಯನನ್ನೂ ಹೊಳೆಸಾಲಿನ ಹಳ್ಳಿಗಳಿಗೆ ಕಳಿಸಿದ್ದರು. ಮಹಾಲಯ ಅಮಾವಾಸ್ಯೆಯ ದಿನ ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಕಪಿಲೆಯ ದಡದ ಒಂದು ಊರಿನಲ್ಲಿದ್ದೆವು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯವರು ಈಗಲೂ ನನಗೆ ಬೇಕಾದವರು. ಚಾವಡಿಯಲ್ಲಿ ಕೂತು ಹನ್ನೊಂದು ಹೆಸರು ಬರೆದು ಏಳುವಷ್ಟರಲ್ಲಿ ಮಳೆ ಹಿಡಿಯಿತು, ಹೊಳೆ ಏರಿತು, ಹರಿಗೋಲಿನವನು ಇವತ್ತು ಆಗುವುದಿಲ್ಲ ಎಂದು ಹರಿಗೋಲನ್ನು ದಡಕ್ಕೆ ಬೋರಲು ಹಾಕಿ ಮನೆಗೆ ಹೋದ.

ಪಟ್ಟಿಯಲ್ಲಿ ಮೊದಲ ಹೆಸರು ದೇವರಾಜುವಿನದು. ಇಪ್ಪತ್ತು ವರ್ಷದ ಗಟ್ಟಿಮುಟ್ಟಾದ ಆಳು, ರೈತ ಕೆಂಪಯ್ಯನ ಮಗ. ಅವನೇ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದ. ಹೋಗಿ ನೋಡಿದರೆ ಮನೆಯವರೆಲ್ಲ ಜಗಲಿಯ ಮೇಲೆ ಕೂತಿದ್ದರು, ಬಾಗಿಲು ಮುಚ್ಚಿತ್ತು. ಹಿರಿಯರ ಹಬ್ಬವಲ್ಲವೇ. ಒಳಗೆ ಸತ್ತವರ ಹೆಸರಿನಲ್ಲಿ ಎಲೆ ಹಾಕಿ, ಮುದ್ದೆ, ಬಾಡಿನ ಸಾರು, ಹೊಸ ಪಂಚೆ ಎಲ್ಲ ಎಡೆ ಇಟ್ಟು, ಸಾಂಬ್ರಾಣಿ ಹಾಕಿ ಹೊರಗೆ ಬಂದಿದ್ದರು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಒಳಗೆ ಯಾರೂ ಇರಬಾರದು. ಆಮೇಲೆ ಬಾಗಿಲನ್ನು ಮೂರು ಸಲ ತಟ್ಟಿ, ಅವರು ಏಳಲು ಸ್ವಲ್ಪ ಬಿಟ್ಟು, ತೆಗೆಯಬೇಕು. ಆ ಸೀಮೆಯ ಪದ್ಧತಿ ಅದು.

ಬಾಗಿಲಿಗೆ ಒರಗಿ ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದಳು. ಕೆಂಪಯ್ಯನ ಸೋದರತ್ತೆ, ರಾಚಮ್ಮ. ಎಲೆ ಅಡಿಕೆ ಅಗಿಯುತ್ತಾ ನನ್ನ ತೊಡೆಯ ಮೇಲಿದ್ದ ಪುಸ್ತಕವನ್ನೇ ನೋಡುತ್ತಿದ್ದಳು.

“ಏನ್ ಬುದ್ದಿ ಅದು, ಪುಸ್ತಕ?” ಎಂದಳು.

“ದಂಡಿಗೆ ಹೋಗುವವರ ಹೆಸರಮ್ಮ. ನಾಳೆ ಕಚೇರಿಗೆ ಒಪ್ಪಿಸಿದರೆ ನನ್ನ ಕೆಲಸ ಮುಗೀತು.”

“ಯಾರ್ ಯಾರ್ದು?”

ನಾನು ಬಾಯಿ ತೆಗೆಯುವ ಮೊದಲೇ ದೇವರಾಜು ತಲೆ ತಗ್ಗಿಸಿದ. ಆಕೆ ಅವನನ್ನು ನೋಡಿದಳು, ಕೆಂಪಯ್ಯನನ್ನು ನೋಡಿದಳು, ಆಮೇಲೆ ಬಗ್ಗಿ ಮಳೆಗೆ ಉಗಿದಳು.

“ಕೂತ್ಕಳ್ಲಾ ಇಲ್ಲಿ,” ಎಂದಳು ಮೊಮ್ಮಗನಿಗೆ. “ನೀವೂ ಕೂತ್ಕಳಿ ಗುಮಾಸ್ತಪ್ಪನೋರೆ, ಒಳೆ ಇಳಿಯೋಗಂಟ ಎಲ್ಲಿಗೋದೀರಿ. ಬಾಗ್ಲು ತೆಗೆಯಾಕೆ ಇನ್ನೂ ಒತ್ತದೆ. ಒಂದು ಇಸ್ಯ ಯೋಳ್ತೀನಿ.”

“ಅದು ಬ್ಯಾಡ ಕನತ್ತೆ,” ಎಂದ ಕೆಂಪಯ್ಯ.

“ನಿಮ್ಮಪ್ಪನೂ ಇಂಗೇ ಬ್ಯಾಡ ಬ್ಯಾಡ ಅಂದ್ಕಂಡೇ ಸತ್ತ. ಸುಮ್ನಿರು,” ಎಂದು ರಾಚಮ್ಮ ಸೆರಗು ಹೊದ್ದುಕೊಂಡಳು. ಮಳೆ ಹೆಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಕಲ್ಲಯ್ಯ ಬೀಡಿ ಆರಿಸಿ ಹತ್ತಿರ ಸರಿದ.

“ನಾವು ಮೂರು ಜನ ಕನ ಬುದ್ದಿ. ದೊಡ್ಡೋಳು ನಾನು, ನಡ್ಲೋನು ಈ ಕೆಂಪಯ್ಯನ ಅಪ್ಪ, ಕಡೇಲಿ ಸಣ್ಣಯ್ಯ. ಸಣ್ಣಯ್ಯನ್ನ ಇನ್ನೂ ತೊಟ್ಲಿಗೆ ಆಕಿರ್ನಿಲ್ಲ, ಅವ್ವ ಕಣ್ಮುಚ್ಕಂಡ್ಲು. ನಾನಾಗ ಗಂಡನ್ನ ಕಳ್ಕಂಡು ತವರಿಗೆ ಬಂದು ಕೂತಿದ್ದೆ, ಅದ್ನೈದೋ ಅದ್ನಾರೋ ವಯಸ್ಸು. ಮಡ್ಲು ತುಂಬ್ನಿಲ್ಲ ಅಂತ ಅಳ್ತಿದ್ದೋಳ ಮಡ್ಲಿಗೆ ತಮ್ಮನ್ನೇ ಆಕ್ಬುಟ್ರು. ಮೇಕೆ ಆಲು ಕುಡ್ಸಿ ಸಾಕ್ದೆ. ಅಕ್ಕಯ್ಯ ಅನ್ನೋನು, ಆದ್ರೆ ಅವ್ವ ಅಂದಂಗೇ ಇರೋದು ನನ್ನ ಕಿವೀಗೆ.

“ಎತ್ತು ಅಂದ್ರೆ ಪ್ರಾಣ ಅವ್ನಿಗೆ. ಬಾರುಕೋಲು ಇಡ್ಯೋನೇ ಒರ್ತು ಒಂದಿನ ಎತ್ತಿನ ಬೆನ್ಮ್ಯಾಕೆ ಬೀಸ್ದೋನಲ್ಲ. ಆಗ ಬಂತಪ್ಪ ಆ ಮೊದಲ್ನೇ ಜರ್ಮನ್ ಯುದ್ದ... ಯಾರ ಮ್ಯಾಲೆ ಯಾರೋ, ಯಾಕೋ, ನಮ್ಗೇನ್ ಗೊತ್ತು? ಬಿಳೀ ಜನ ಬಿಳೀ ಜನ ಕಚ್ಚಾಡ್ಕಂಡ್ರು, ಅದ್ರಲ್ಲಿ ತುರ್ಕರೂ ಸೇರ್ಕಂಡ್ರಂತೆ. ಕೋಣ ಕೋಣ ಕಾದಾಡಿ ಗಿಡುಕ್ಕೆ ಕುತ್ತು ಅಂತಾರಲ್ಲ, ಅಂಗೆ ನಮ್ಮೂರಿಂದ ಇಷ್ಟು ಜನ ಬೇಕು ಅಂತ ಅಪ್ಪಣೆ ಬಂತು. ಆಗ ಪಟೇಲ ಸಿದ್ದಮಲ್ಲಪ್ಪ. ಜನ ಜಾಸ್ತಿ ಕಳ್ಸ್ದ ಪಟೇಲಂಗೆ ಸರಿಗೆ ಪೇಟ ಕಟ್ತಾರೆ ಅಂತ ಸುದ್ದಿ ಇತ್ತು. ಆ ಪೇಟದ ಆಸೆಗೆ ಆ ನನ್ಮಗ ಮನೆ ಮನೆ ಸುತ್ದ. ಸತ್ತೋರ್ನ ಬೈಬಾರ್ದು ಅಂತಾರೆ. ಯಾಕೆ ಬೈಬಾರ್ದು? ಬದ್ಕಿದ್ದಾಗ ಬೈಯಾಕೆ ಬುಟ್ಟಿದ್ನಾ?

“ಸಣ್ಣಯ್ಯಂಗೆ ಏನಂದ ಗೊತ್ತಾ? ಬಂದೂಕ ಮುಟ್ಟಂಗಿಲ್ಲ, ಕತ್ತಿ ಇಡ್ಯಂಗಿಲ್ಲ, ಎತ್ತಿನ ಬಂಡಿ ಓಡ್ಸೋದು ಅಷ್ಟೇಯ, ದಂಡಿಗೆ ಬುತ್ತಿ ಒರೋದು, ಅದ್ರಲ್ಲಿ ಪಾಪ ಏನದೆ ಅಂದ. ನಾವೂ ಅಂಗೇ ಅಂದ್ಕಂಡೋ. ಬಂಡಿ ಓಡ್ಸೋನ್ಗೆ ಪಾಪ ಎಲ್ಲಿಂದ ಬಂದದು ಅಂತ. ನಮ್ಮಂತ ದಡ್ಡರು ಮಾಡೋ ತಪ್ಪು ಅದು ಬುದ್ದಿ, ಒಕ್ಕಲು ಮಕ್ಳು ಮಾತ್ರ ಮಾಡೋ ತಪ್ಪು. ಕೈಲಿ ಬಾರುಕೋಲಿದ್ರೆ ಕೈ ಚೊಕ್ಕ ಅಂದ್ಕಬುಡೋದು. ಅವ್ನೂ ಒಂಟ, ಪಕ್ಕದ್ಮನೆ ಗುರುಸಿದ್ದಮ್ಮನ ಮಗ ಕರಿಯಪ್ಪನೂ ಒಂಟ. ಒಂದೇ ದಿಸ, ಒಂದೇ ಬಂಡೀಲಿ, ನಗ್ನಗ್ತಾ.”

ಆಕೆ ಬಾಯಲ್ಲಿದ್ದ ಎಲೆಯನ್ನು ಇನ್ನೊಂದು ದವಡೆಗೆ ಸರಿಸಿದಳು. ದೇವರಾಜು ಮೊಣಕಾಲು ತಬ್ಬಿಕೊಂಡು ಕೂತಿದ್ದ.

“ಒಂದೂವರೆ ವರ್ಸುಕ್ಕೆ ಕಾಗ್ದ ಬಂತು. ಇಂಗ್ಲೀಸ್ನಲ್ಲಿತ್ತು. ಪಟೇಲ ಓದುಸ್ಕಂಡು ಬಂದು ಚಾವಡೀಲಿ ನಿಂತ್ಕಂಡು ಯೋಳ್ದ, ಸಣ್ಣಯ್ಯ ದೊರೆಗೋಸ್ಕರ ಪ್ರಾಣ ಕೊಟ್ಟವ್ನೆ, ಊರಿಗೇ ಕೀರ್ತಿ ಅಂತ. ಅತ್ತು ಅತ್ತು ನನ್ನ ಕಣ್ಣೇ ಬತ್ತೋದೋ. ಎಣ ಇಲ್ಲ, ಮಣ್ಣಿಲ್ಲ, ಅವ್ನ ಒಂದು ಅಳೇ ಪಂಚೆ ಇಟ್ಕಂಡು ತಿಥಿ ಮಾಡ್ದೋ, ಊರ್ಗೆಲ್ಲ ಊಟ ಆಕ್ದೋ. ಪಟೇಲನೂ ಬಂದು ಚೆಂದಾಗಿ ಉಂಡ. ಆಮೇಲೆ ಗೊತ್ತಾಗಿದ್ದು, ಆ ಕಾಗ್ದದಲ್ಲಿ ಇದ್ದದ್ದು ಸತ್ತ ಅಂತ ಅಲ್ಲ. ಓಡೋಗವ್ನೆ, ಸಿಕ್ಕುದ್ರೆ ಇಡ್ಕಂಡು ಒಪ್ಸಿ ಅಂತ. ಕಳ್ಸಿದ್ ಆಳು ಓಡೋದ್ರೆ ಪೇಟ ಕಟ್ತಾರಾ? ಸತ್ರೆ ಕಟ್ತಾರೆ. ಅದುಕ್ಕೆ ಅವ್ನು ನನ್ ತಮ್ಮನ್ನ ಬಾಯಲ್ಲೇ ಸಾಯಿಸ್ಬುಟ್ಟ.

“ಇದಾಗಿ ಮೂರು ತಿಂಗ್ಳಿಗೆ, ಒಂದಿನ ಮಟಮಟ ಮದ್ದಿನ, ನಾನು ಇತ್ಲಲ್ಲಿ ಬೆರಣಿ ತಟ್ತಾ ಇದೀನಿ, ಬೇಲಿ ಸಂದೀಲಿ ಯಾರೋ ಅಕ್ಕಯ್ಯ ಅಂದಂಗಾಯ್ತು. ತಿರುಗಿ ನೋಡ್ತೀನಿ, ಸಣ್ಣಯ್ಯ. ನಾನು ಮೊದ್ಲು ನೋಡ್ದದ್ದು ಅವ್ನ ಮೊಕ ಅಲ್ಲ ಬುದ್ದಿ, ಪಾದ. ದೆವ್ವುಕ್ಕೆ ಪಾದ ಇಂದುಮುಂದಾಗಿರ್ತದೆ ಅಂತಾರಲ್ಲ. ನೆಟ್ಟಗಿದ್ದೋ. ಒಡ್ದೋಗಿ ಕೀವು ಸೋರ್ತಿದ್ದೋ. ದೆವ್ವುಕ್ಕೆ ಕೀವು ಸೋರಲ್ಲ ಅಂತ ಒಳುಕ್ಕೆ ಎಳ್ಕಂಡೆ.

“ಜ್ವರ ಬಂತು ಅಂತ ಅಡುಗ್ನಲ್ಲಿ ಬೊಂಬಾಯಿಗೆ ತಂದು ಆಸ್ಪತ್ರೇಲಿ ಆಕಿದ್ರಂತೆ. ವಾಸಿ ಆಯ್ತು, ತಿರ್ಗಾ ಅಡುಗು ಅತ್ತು ಅಂದ ದಿಸ ಗೋಡೆ ಆರಿ, ನಡ್ಕಂಡೇ ಬಂದವ್ನೆ, ತಿರ್ಕಂಡು ತಿನ್ಕಂಡು. ಯಾಕ್ಲಾ ಮಗ ಓಡ್ಬಂದೆ ಅಂದೆ. ಮೂರು ದಿಸ ಬಾಯೇ ಬುಡ್ನಿಲ್ಲ. ನಾಕ್ನೇ ದಿಸ ನಮ್ಮ ಇತ್ಲಲ್ಲಿದ್ದ ಅಗೇವು ನೋಡಿ ವಾಂತಿ ಮಾಡ್ಕಂಡ. ಆಮೇಲೆ ಯೋಳ್ದ.

“ಅಗೇವು ನೀವು ನೋಡಿರ್ಬೈದು ಬುದ್ದಿ. ಬಾವಿಯಂಗೆ ಆಳ, ಬಾಯಿ ಮಾತ್ರ ಕಿರ್ದು, ಒಬ್ಬ ಇಳ್ಯೋವಷ್ಟು. ರಾಗಿ ತುಂಬಿ, ಮ್ಯಾಲೆ ಚಪ್ಡಿ ಎಳ್ದು, ಸಂದೀಗೆ ಸಗಣಿ ಮಣ್ಣು ಮೆತ್ತಿ ಸಾರ್ಸಿಬುಟ್ರೆ ಅತ್ತು ವರ್ಸ ಆದ್ರೂ ಕೆಡಕ್ಕಿಲ್ಲ. ಒಳುಕ್ಕೆ ಗಾಳಿ ಓಗ್ಬಾರ್ದು, ಅದೇ ಅದ್ರ ಗುಟ್ಟು. ತೆಗ್ದೇಟ್ಗೆ ಯಾರೂ ಇಳ್ಯಂಗಿಲ್ಲ. ಒಂದಿನ ಬಾಯಿ ಬುಟ್ಟು, ದೀಪ ಇಳ್ಸಿ ನೋಡಿ, ದೀಪ ಆರ್ನಿಲ್ಲ ಅಂದ್ರೆ ಇಳ್ಯೋದು. ಇದು ನಮ್ಮ ಅಳ್ಳೀಲಿ ಚಿಕ್ಕ ಮಕ್ಳಿಗೂ ಗೊತ್ತು. ಇದ್ನ ಗ್ಯಾನ್ದಲ್ಲಿ ಇಟ್ಕಳಿ.

“ಅಲ್ಲೂ ಅಗೇವು ಅವಂತೆ ಬುದ್ದಿ. ಕಡ್ಲಾಚೆ, ಬಸ್ರಾದಿಂದಲೂ ಆಚೆ. ಅಕ್ಕಯ್ಯ, ಅಲ್ಲೂ ನಮ್ಮಂಗೇ ಉಳೋ ಜನ, ನಮ್ಮಂಗೇ ಕಾಳು ಊತಿಡ್ತಾರೆ ಅಂದ. ಒಂದೂರಲ್ಲಿ ಕಾಳೆಲ್ಲ ತೋಡ್ಸಿ ಬಂಡೀಗೆ ತುಂಬ್ಸುದ್ರಂತೆ, ದಂಡಿನ ಕುದ್ರೆಗೆ. ಒಬ್ಳು ಮುದ್ಕಿ, ತನ್ನ ಅಗೇವು ಬರಿದಾದ್ಮೇಲೆ ತಾನೇ ಅದ್ರೊಳಿಕ್ಕೆ ಇಳ್ದು ಕೂತ್ಕಬುಟ್ಳಂತೆ, ಮ್ಯಾಕೆ ಬರಾಕಿಲ್ಲ ಅಂತ. ಯಾವನೋ ಬಿಳೀ ದೊರೆ, ಉಳಿಕೆ ಕಾಳು ಎಲ್ಲದೆ ಅಂತ ಯೋಳೋಗಂಟ ಇರ್ಲಿ ಅಂದು ಚಪ್ಡಿ ಎಳ್ಸ್ದ. ಅದ್ರ ಮ್ಯಾಲೆ ಬಂಡಿ ನಿಲ್ಸು ಅಂದ. ಯಾರ ಬಂಡಿ? ಸಣ್ಣಯ್ಯನ ಬಂಡಿ. ಕೆಳ್ಗಿಂದ ತಟ್ತಿದ್ಳಂತೆ ಮುದ್ಕಿ... ಟಕ್ ಟಕ್ ಅಂತ. ಗಾಲಿ ಪಕ್ದಲ್ಲಿ ನಿಂತಿದ್ದೋನ್ಗೆ ಅಂಗಾಲಿಗೇ ಗೊತ್ತಾಯ್ತಿತ್ತಂತೆ. ಮದ್ದಿನ ಆಯ್ತು, ಇಳಿವೊತ್ತಾಯ್ತು, ಆಮೇಲೆ ಒರ್ಡಿ ಅಂತ ಅಪ್ಪಣೆ ಬಂತಂತೆ. ಬಂಡಿ ಓಡ್ಸು ಅಂದ್ರು, ಓಡ್ಸ್ದ. ಚಪ್ಡಿ ತೆಗೀರಿ ಅಂತ ಯಾರೂ ಅನ್ನಿಲ್ಲ. ಇವ್ನೂ ಅನ್ನಿಲ್ಲ.

“ಎಲ್ರೂ ನನ್ನ ಓಡೋದೋನು ಅಂತಾರೆ ಅಕ್ಕಯ್ಯ, ಓಡೋಗಿದ್ದು ತಪ್ಪಲ್ಲ, ಆವತ್ತೇ ಓಡೋಗ್ದೆ ಇದ್ದದ್ದು ತಪ್ಪು ಅಂದ. ನನ್ ತೊಡೆ ಮ್ಯಾಲೆ ತಲೆ ಇಟ್ಕಂಡು ಅಂದ ಬುದ್ದಿ. ನಾನು ಕೇಳಿಸ್ಕಂಡೆ. ಕಿವಿಯಾರೆ ಕೇಳಿಸ್ಕಂಡೆ... ಕೇಳಿಸ್ಕಂಡೂ ಆಮೇಲೆ ನಾನು ಮಾಡ್ದದ್ದು ಏನು ಅಂತ ಯೋಳ್ತೀನಿ ತಾಳಿ.”

ಮಳೆ ಸ್ವಲ್ಪ ತಗ್ಗಿತು. ಒಳಗಿನಿಂದ ಸಾಂಬ್ರಾಣಿಯ ವಾಸನೆ ಬಾಗಿಲ ಸಂದಿಯಲ್ಲಿ ಹೊರಗೆ ಬರುತ್ತಿತ್ತು. ನಾನು ಪುಸ್ತಕವನ್ನು ತೊಡೆಯಿಂದ ತೆಗೆದು ಪಕ್ಕದಲ್ಲಿಡಬೇಕೆಂದುಕೊಂಡೆ, ಇಡಲಿಲ್ಲ. ಆಕೆ ನೋಡುತ್ತಿದ್ದಳು.

“ಊರಲ್ಲಿ ಗುಟ್ಟು ನಿಂತದಾ? ಚಾವಡೀಲಿ ಸೇರುದ್ರು. ಪಟೇಲ ಬೆವುತ್ಕಂಡಿದ್ದ. ಸಣ್ಣಯ್ಯ ಉಂಡ ಮನೇಗೆ ಎಲ್ಡು ಬಗ್ದವ್ನೆ, ಆಣೆ ಇಟ್ಟು ಮುರ್ದವ್ನೆ, ಇವ್ನು ಇಲ್ಲೇ ಅವ್ನೆ ಅಂತ ಗೊತ್ತಾದ್ರೆ ಬದ್ಲಿಗೆ ನಿಮ್ಮ ಮನೆ ಮನೆಯಿಂದ ಒಬ್ಬೊಬ್ಬನ್ನ ಎಳ್ಕಂಡೋಯ್ತಾರೆ ಅಂದ. ಅದು ಸುಳ್ಳು. ಆದ್ರೆ ಎದುರ್ಕಂಡ ಜನುಕ್ಕೆ ಸುಳ್ಳು ನಿಜ ಎಲ್ಡೂ ಒಂದೇಯ. ಅಂಗಂತ ಇಡ್ದು ಕೊಡೋ ಅಂಗೂ ಇಲ್ಲ, ಕೊಟ್ರೆ ತಾನು ಯೋಳಿದ್ ಸುಳ್ಳು ಆಚಿಕ್ಕೆ ಬತ್ತದೆ. ಆವೂ ಸಾಯ್ಬಾರ್ದು ಕೋಲೂ ಮುರೀಬಾರ್ದು, ಅಂತಾ ಗಿರಾಕಿ ಅವ್ನು.

“ಆಗ ಗುರುಸಿದ್ದಮ್ಮ ಎದ್ಳು. ಅವ್ಳ ಮಗ ಕರಿಯಪ್ಪ ನಿಜ್ವಾಗ್ಲೂ ಸತ್ತಿದ್ದ, ಅಲ್ಲೇ, ಜ್ವರದಲ್ಲಿ. ಅವ್ಳು ಪಟೇಲನ್ನ ನೋಡ್ನಿಲ್ಲ, ನನ್ನ ನೋಡುದ್ಳು. ರಾಚವ್ವ, ನನ್ ಮಗ ನಿಂತ, ಅಲ್ಲೇ ಮಣ್ಣಾದ, ನಿನ್ ತಮ್ಮ ಯಾಕೆ ಬಂದ ಅಂದ್ಳು. ಅಷ್ಟೇಯ. ನೀವು ಓದ್ದೋರು ಬುದ್ದಿ, ಯೋಳಿ, ಏನ್ ಉತ್ರ ಕೊಡಾನ ಆ ತಾಯಿಗೆ? ಮನೇಗ್ ಬಂದು ಸಣ್ಣಯ್ಯಂಗೆ ಯೋಳ್ದೆ. ಅವ್ನು, ಆ ಮುದ್ಕೀನ ಮುಚ್ಚುದ್ ದಿಸ ಕರಿಯಪ್ಪನ ಬಂಡಿ ನನ್ ಬೆನ್ನಿಂದೇ ಇತ್ತು ಅಂತ ಯೋಳು ಅವ್ಳಿಗೆ ಅಂದ. ಒಸಿ ಒತ್ ಬುಟ್ಟು, ಬ್ಯಾಡ, ಯೋಳ್ಬ್ಯಾಡ ಅಕ್ಕಯ್ಯ, ಅವ್ಳ ಮಗ ಅವ್ಳಿಗೆ ಚೆಂದಾಗೇ ಇರ್ಲಿ ಅಂದ. ನಾನು ಯೋಳ್ನಿಲ್ಲ.

“ಚಾವಡೀಲಿ ತೀರ್ಮಾನ ಆದದ್ದು ಏನು ಅಂದ್ರೆ, ಸತ್ತೋನು ಸತ್ತಂಗೇ ಇರ್ಲಿ ಅಂತ. ತಿಥಿ ಆಯ್ತು, ಊರು ಉಂಡಾಯ್ತು, ಇನ್ ಅವ್ನು ಇದ್ರೂ ಇಲ್ಲ. ಯಾರೂ ಮಾತಾಡ್ಸಂಗಿಲ್ಲ, ಯಾರೂ ನೋಡಂಗಿಲ್ಲ. ಅಂಗೇ ಮಾಡುದ್ರು. ಎದ್ರಿಗೆ ಬಂದ್ರೆ ಗೋಡೆ ನೋಡ್ದಂಗೆ ನೋಡ್ಕಂಡು ಓಗೋರು. ಅವ್ನ ಜತೆ ಗೋಲಿ ಆಡ್ದೋರು, ಅವ್ನ ಎತ್ತು ಎರವಲು ಇಸ್ಕಂಡೋರು. ಬದ್ಕಿದ್ದಂಗೇ ದೆವ್ವ ಮಾಡ್ಬುಟ್ರು ಬುದ್ದಿ ನನ್ ಮಗನ್ನ. ಜನ ದೆವ್ವುಕ್ಕೆ ಎದುರ್ಕತಾರೆ... ನಂಗೆ ಜನ ಕಂಡ್ರೇ ಏಸಿಗೆ. ಅದುಕ್ಕಿಂತ ನನ್ ಕಂಡ್ರೆ ನಂಗೆ.

“ಅಗಲೊತ್ತು ಸಣ್ಣಯ್ಯ ಅಗೇವಲ್ಲೇ ಇರೋನು. ಬರಿದಾಗಿತ್ತು ಅದು, ಚಪ್ಡಿ ಅರ್ಧ ಸರ್ಸಿ ಗಾಳಿ ಬುಡ್ತಿದ್ದೆ. ಯಾರಾದ್ರೂ ಒರಗ್ನೋರು ಬಂದ್ರೆ ಚಪ್ಡಿ ಎಳ್ಯೋದು, ಓದ್ಮೇಲೆ ಸರ್ಸೋದು. ಗುರ್ತು ಒಂದು ಮಾಡ್ಕಂಡಿದ್ದೋ. ಬಂದೋರು ಓದ್ರಾ ಅಂತ ಕೇಳ್ಬೇಕಾದ್ರೆ ಅವ್ನು ಕೆಳ್ಗಿಂದ ಬಾರುಕೋಲಲ್ಲಿ ಮೂರು ತಟ್ಟೋನು. ಓದ್ರು ಅಂದ್ರೆ ನಾನು ಮ್ಯಾಲಿಂದ ಮೂರು ತಟ್ಟಿ ಚಪ್ಡಿ ಸರ್ಸೋಳು. ಇನ್ನೂ ಅವ್ರೆ ಅಂದ್ರೆ ಸುಮ್ನಿರೋಳು.

“ಬಂತು ಮಾರ್ನಮಿ ಅಮಾಸೆ. ಇದೇ ದಿಸ. ಸಣ್ಣಯ್ಯನ್ನ ಇಡ್ಯಾಕೆ ಸರ್ಕಾರ್ದೋರು ಬತ್ತಾವ್ರೆ ಅಂತ ಪಟೇಲಂಗೆ ಮುನ್ನಾ ದಿಸವೇ ಸುದ್ದಿ. ಬೆಳ್ಗೇನೇ ಬಂದು, ರಾಚಮ್ಮ, ಎದುರ್ಬ್ಯಾಡ, ಇವತ್ತು ನಿನ್ ತಮ್ಮನ ಎಸ್ರಲ್ಲಿ ಎಡೆ ಇಡು, ಅದ್ಕಿಂತ ಸಾಕ್ಸಿ ಬೇಕಾ ಅವ್ನು ಸತ್ತವ್ನೆ ಅನ್ನಾಕೆ ಅಂದ. ಸಣ್ಣಯ್ಯನ್ನ ಅಗೇವ್ಗೆ ಇಳ್ಸುದ್ರು. ಪಟೇಲನೂ ಈ ಕೆಂಪಯ್ಯನ ಅಪ್ಪನೂ ಸೇರಿ ಪೂರ್ತಿ ಚಪ್ಡಿ ಎಳುದ್ರು. ತುಂಬಿದ ಅಗೇವಂಗೆ ಕಾಣ್ಬೇಕು, ಸಾರ್ಸು ಅಂದ ಪಟೇಲ. ಸಾರ್ಸ್ದೆ. ಈ ಕೈಲೇ ಸಗಣಿ ಕಲ್ಸಿ, ಸಂದಿ ಬುಡ್ದಂಗೆ ಮೆತ್ತಿ, ಮ್ಯಾಲೆ ರಂಗೋಲಿ ಬುಟ್ಟೆ. ಚೆಂದ ಕಾಣ್ಲಿ ಅಂತ ನಾಕು ಎಳೆ ಜಾಸ್ತಿನೇ ಬುಟ್ಟೆ. ಒತ್ತು ನೆತ್ತಿಗ್ ಬರೋಗಂಟ ಅಷ್ಟೇಯ, ನೋಡ್ಕಂಡು ಒಂಟೋಯ್ತಾರೆ ಅಂದ. ಚಪ್ಡಿ ಮ್ಯಾಲೆ ಒರ್ಳು ಎತ್ತಿ ಇಡ್ಸ್ದ. ನೀನು ರಾಗಿ ಕುಟ್ತಿರು ಅಂದ.

“ಬಂದ್ರು. ಒಬ್ಬ ದಫೇದಾರ, ಇಬ್ರು ಸಿಪಾಯ್ರು, ಒಬ್ಬ ಗುಮಾಸ್ತ. ನಿಮ್ಮಂಗೇ, ಪುಸ್ತಕ ತೊಡೆ ಮ್ಯಾಲೆ ಇಟ್ಕಂಡು. ಮನೆ ಎಲ್ಲ ಜಾಲಾಡುದ್ರು. ಎಡೆ ನೋಡುದ್ರು, ಸತ್ತವನೆ ಅಂತ ನಂಬುದ್ರು. ಅಲ್ಲಿಗೆ ಓಗ್ಬೇಕಲ್ವಾ? ಆ ಪಟೇಲ ಬುಡ್ಬೇಕಲ್ಲ. ಅಬ್ಬುದ್ ದಿಸ ಬಂದೀರಿ, ಉಂಡೇ ಓಗ್ಬೇಕು ಅಂದ. ಬಾಗ್ಲು ತೆಗ್ಸಿ, ಸಣ್ಣಯ್ಯಂಗೆ ಇಟ್ಟಿದ್ದ ಎಡೇನೇ ಎತ್ಕಂಡ್ ಬಂದು, ಇತ್ಲಲ್ಲಿ ಒಂಗೆ ಮರದ ನೆಳ್ಳಲ್ಲಿ, ನನ್ನಿಂದ ನಾಕು ಮಾರು ದೂರದಲ್ಲಿ, ಅವ್ರಿಗೆ ಬಡ್ಸ್ದ. ಸಾಲ್ದು ಅಂತ ಮರಿ ಬೇರೆ ಕುಯ್ಸ್ದ. ಅವ್ನ ಎಡೆ ಬುದ್ದಿ... ಅವ್ನ ಇಡ್ಯಾಕೆ ಬಂದೋರು ಉಂಡ್ರು, ಕೆಳ್ಗೆ ಅವ್ನು ಅಸ್ಕಂಡ್ ಕೂತವ್ನೆ. ಗುಮಾಸ್ತ ಮೂಳೆ ಚೀಪ್ಕಂಡು ಸಾರಿಗೆ ಉಪ್ಪು ಒಸಿ ಕಮ್ಮಿ ಅಂದ.

“ಆಗ ಕೆಳ್ಗಿಂದ ಬಂತು. ಟಕ್, ಟಕ್, ಟಕ್.

“ನಾನು ಒನ್ಕೆ ಎತ್ತಿ ಕುಟ್ದೆ. ಸದ್ದು ಕೇಳಿಸ್ಬಾರ್ದು ಅಂತ ಜೋರಾಗಿ ಕುಟ್ದೆ. ಒಸಿ ಒತ್ಗೆ ತಿರ್ಗಾ ಮೂರು. ತಿರ್ಗಾ ಕುಟ್ದೆ. ಅವ್ನು ತಟ್ಟೋದು, ನಾನು ಕುಟ್ಟೋದು. ಸೂರ್ಯ ನೆತ್ತಿ ದಾಟ್ದ, ಇವ್ರು ಎಲೆ ಅಡಿಕೆ ಆಕ್ಕಂಡ್ರು, ಮರದ ಕೆಳ್ಗೇ ಕಾಲು ಚಾಚುದ್ರು, ಗೊರ್ಕೆ ಒಡುದ್ರು. ನಂಗೆ ಗೊತ್ತಿತ್ತು ಬುದ್ದಿ. ಚಿಕ್ಕ ಮಕ್ಳಿಗೂ ಗೊತ್ತು ಅಂದ್ನಲ್ಲ, ಸಾರ್ಸ್ದ ಅಗೇವಲ್ಲಿ ಗಾಳಿ ಎಷ್ಟೊತ್ತು ಇರ್ತದೆ ಅಂತ? ಎದ್ದು ಒಂದು ಮಾತು ಅಂದಿದ್ರೆ ಸಾಕಿತ್ತು. ಇಲ್ಲೇ ಅವ್ನೆ ನನ್ ತಮ್ಮ, ಇಡ್ಕಳಿ ಅಂತ. ಒಡೀತಿದ್ರು, ಜೈಲಿಗಾಕ್ತಿದ್ರು... ಉಸಿರಾಡ್ಕಂಡಿರೋನು. ಇನ್ನೊಂದ್ ಗಳ್ಗೆ, ಇನ್ನೊಂದ್ ಗಳ್ಗೆ ಅಂತ ಕುಟ್ಕಂಡೇ ಇದ್ದೆ. ಮೂರು ತಟ್ಟೋನು ಎಲ್ಡು ತಟ್ದ. ಆಮೇಲೆ ಒಂದು. ಆಮೇಲೆ ಕೆರ್ದಂಗೆ ಒಂದು ಸದ್ದು. ಆಮೇಲೆ ಅದೂ ಇಲ್ಲ. ಸದ್ದು ನಿಂತ್ರೂ ನಾನು ಕುಟ್ತಾನೇ ಇದ್ದೆ. ಎದ್ದು ಒಂಟ ಗುಮಾಸ್ತ ಒರ್ಳಿಗೆ ಬಗ್ಗಿ ನೋಡಿ, ಏನಮ್ಮ, ಬರೀ ಒರ್ಳು ಕುಟ್ತಿದೀಯಲ್ಲ ಅಂದು ನಕ್ಕ. ಪುಸ್ತಕದಲ್ಲಿ ಸತ್ತವ್ನೆ ಅಂತ ಬರ್ಕಂಡ. ಅಷ್ಟೊತ್ಗೆ ಅದು ನಿಜ ಆಗಿತ್ತು.

“ದೀಪ ಅಚ್ಚೋ ಒತ್ನಲ್ಲಿ ಅವ್ರು ಊರ್ ದಾಟುದ್ಮೇಲೆ ಚಪ್ಡಿ ಎತ್ತುದ್ರು. ಕೆಳ್ಗೆಲ್ಲೋ ಇರ್ತಾನೆ ಅಂತ ನಾನು ದೀಪ ಇಡ್ಕಂಡು ಬಗ್ಗುದ್ರೆ, ಮೊಕ ಇಲ್ಲೇ ಇತ್ತು ಬುದ್ದಿ. ಗೇಣುದ್ದ ಕೆಳ್ಗೆ. ಗೋಡೆ ಗುಳೀಗೆ ಕಾಲು ಕೊಟ್ಕಂಡು ಅತ್ತಿ, ಅಗೇವಿನ ಕಂಠದಲ್ಲಿ ಸಿಕ್ಕಾಕಂಡು, ಅಂಗೇ ನಿಂತಿದ್ದ. ಬಾಯಿ ತೆರ್ದಿತ್ತು. ಉಗುರು ಸಂದೀಲಿ ಸಗಣಿ... ನಾನು ಮೆತ್ತಿದ್ದ ಸಗಣಿ. ಅಷ್ಟು ಮ್ಯಾಕೆ ಬಂದಿದ್ದೋನು ಒಂದು ಸಲ ಕೂಗಿದ್ರೆ ಸಾಕಿತ್ತು, ಕೂಗ್ನಿಲ್ಲ. ನಮ್ಮುನ್ನ ಉಳ್ಸಾಕೆ ಸುಮ್ಕಿದ್ನೋ, ತಿರ್ಗಾ ಆ ಬಂಡಿ ಅತ್ಬಾರ್ದು ಅಂತ ಸುಮ್ಕಿದ್ನೋ, ಆ ಶಿವನಿಗೇ ಗೊತ್ತು.

“ಪಟೇಲ ಒಂದು ಮಾತಂದ. ಇದೇ ಮಾತು, ಒಂದಕ್ಸರ ಬುಟ್ಟಿಲ್ಲ. ಒಬ್ಬುಂಗೆ ಎಲ್ಡು ತಿಥಿ ಎಲ್ಲಾದ್ರೂ ಉಂಟಾ, ಮಣ್ಣು ಎಳೀರಿ ಅಂದ. ಎಳುದ್ರು. ಇವ್ರಪ್ಪನೂ ಎಳ್ದ. ಮುಂದಿನ ವಾರ ದಸರದಲ್ಲಿ ಪಟೇಲ ಸರಿಗೆ ಪೇಟ ಇಕ್ಕಂಡು ಬಂದ. ಊರು ಓಲಗ ಊದುಸ್ತು. ಥೂ.”

ಅವಳ ಉಗುಳು ಅಂಗಳದ ನೀರಿನಲ್ಲಿ ಕೆಂಪಗೆ ಹರಡಿತು. ಕೆಂಪಯ್ಯ ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ್ದ.

“ಆ ಅಗೇವು ಎಲ್ಲಿತ್ತಮ್ಮ?” ಎಂದು ಕೇಳಿದ ಕಲ್ಲಯ್ಯ, ಮೆಲ್ಲಗೆ.

“ಮಣ್ಣು ಎಳ್ದ ಮ್ಯಾಲೆ ಕಾಲಲ್ಲಿ ತುಳೀಬಾರ್ದು ಅಂತ ಅದ್ರ ಮ್ಯಾಲೇ ಒಂದು ಕೋಣೆ ಕಟ್ಸ್ದ ಇವ್ರಪ್ಪ, ಮನೇಗೆ ಸೇರ್ಸಿ. ಎಡೆ ಇಟ್ಟಿರೋದು ಅಲ್ಲೇಯ. ಮಾರ್ನೇ ವರ್ಸ ಇದೇ ದಿಸ, ಮೊದಲ್ನೇ ಎಲೆ ಅವ್ನಿಗೆ ಆಕಿ, ಬಾಗ್ಲು ಎಳ್ಕಂಡು ಇಲ್ಲೇ ಕೂತಿದ್ದೋ. ನಾವಿನ್ನೂ ತಟ್ಟಿರ್ನಿಲ್ಲ, ಒಳ್ಗಿಂದ ಬಂತು. ಮೂರು. ಎಲ್ರೂ ಎದ್ದು ಅಂಗ್ಳಕ್ಕೆ ಓಡುದ್ರು. ನಾನು ಓಡ್ನಿಲ್ಲ. ಅವ್ನು ಕೇಳೋದು ಏನು ಅಂತ ನಂಗೆ ಗೊತ್ತಲ್ಲ, ಓದ್ರಾ ಅಕ್ಕಯ್ಯ ಅಂತ ತಾನೇ? ಓದ್ರು ಕನ್ ಮಗ, ಯಾರೂ ಇಲ್ಲ, ಉಣ್ಣು ಅಂದೆ. ಸುಮ್ಕಾದ. ತೆಗ್ದು ನೋಡುದ್ರೆ ಎಲೆ ಮ್ಯಾಲಿದ್ದ ಮುದ್ದೆಗೆ ಉಗುರಿನ ಗುರ್ತು.

“ಪಟೇಲನ ಮನೇಲೂ ಅದೇ ದಿಸ ಎಡೆ. ಅವ್ನು ಬಾಗ್ಲು ಮೂರು ತಟ್ಟಿದ್ನಂತೆ, ಪದ್ದತಿ ಪ್ರಕಾರ. ಒಳ್ಗಿಂದ ಮೂರು ತಿರ್ಗಾ ಬಂತಂತೆ. ಏನ್ ಯೋಳ್ಬೇಕು ಅಂತ ಅವ್ನಿಗೆ ಎಲ್ಲಿ ಗೊತ್ತಾಗ್ಬೇಕು? ಆವತ್ತಿಂದ ಆ ಮನೇಲಿ ಎಡೆ ಇಲ್ಲ. ಸಾಯೋಗಂಟ ಬಾಗ್ಲು ಮುಚ್ಚಾಕೆ ಬುಡ್ತಿರ್ನಿಲ್ಲ ಅವ್ನು, ಚಳೀಲೂ ತೆಗ್ದೇ ಇರ್ಬೇಕು, ಆ ಪೇಟ ಇಕ್ಕಂಡು ಒಸ್ಲು ಮ್ಯಾಲೆ ಕೂತಿರೋನು. ನಮ್ಮನೇಲಿ ಆವತ್ತಿಂದ ನಾವು ಬಾಗ್ಲು ತಟ್ಟಲ್ಲ. ಅವ್ನು ತಟ್ಟೋಗಂಟ ಕಾಯ್ತೀವಿ. ಇಪ್ಪತ್ಮೂರು ವರ್ಸ ಆಯ್ತು, ಒಂದ್ ವರ್ಸ ತಪ್ಸಿಲ್ಲ. ಓದ್ರು ಕನ್ ಮಗ ಅಂತೀನಿ, ಸುಮ್ಕಾಯ್ತಾನೆ, ಬಾಗ್ಲು ತಾನಾಗೇ ಬುಟ್ಕತದೆ.”

ದೇವರಾಜು ತಲೆಯೆತ್ತಿದ. “ಯೋಳ್ದೆ ಇದ್ರೆ ಏನಾಯ್ತದಜ್ಜಿ?”

“ಗೊತ್ತಿಲ್ಲ ಕಣ್ಲಾ. ಇವತ್ತಿನ್ಗಂಟ ಯೋಳ್ದೆ ಇದ್ದದ್ದಿಲ್ಲ. ಆದ್ರೆ ಇಷ್ಟು ವರ್ಸದಲ್ಲಿ ಪುಸ್ತಕ ಇಡ್ಕಂಡ ಸರ್ಕಾರ್ದೋರು ಯಾರೂ ಇತ್ಲಾಗಿ ಬಂದೂ ಇರ್ನಿಲ್ಲ.”

ಆಕೆ ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. ಮಳೆ ಪೂರ್ತಿ ನಿಂತಿತ್ತು, ಹೆಂಚಿನಿಂದ ಹನಿ ತೊಟ್ಟಿಕ್ಕುವುದು ಬಿಟ್ಟರೆ ಸದ್ದಿರಲಿಲ್ಲ. ನಾನು ಪುಸ್ತಕ ತೆರೆದು ನೋಡಿದೆ. ಮೊದಲ ಹೆಸರು ದೇವರಾಜು, ತಂದೆ ಕೆಂಪಯ್ಯ. ಮಸಿ ಒಣಗಿ ಎಷ್ಟೋ ಹೊತ್ತಾಗಿತ್ತು.

ಆಗ ಕೇಳಿಸಿತು. ಬಾಗಿಲಿನ ಮೇಲಲ್ಲ, ಅದಕ್ಕಿಂತ ಕೆಳಗೆ, ಒಳಗಿನ ನೆಲದಲ್ಲೆಲ್ಲೋ. ಕೋಲಿನ ತುದಿಯಲ್ಲಿ ಕಲ್ಲನ್ನು ತಟ್ಟಿದ ಹಾಗೆ, ಮೂರು ಸಲ, ನಡುವೆ ಬಿಟ್ಟು ಬಿಟ್ಟು. ಕಲ್ಲಯ್ಯ ನನ್ನ ತೋಳು ಹಿಡಿದ.

ರಾಚಮ್ಮ ಹೆದರಲಿಲ್ಲ. ಬಾಗಿಲಿಗೆ ಕೆನ್ನೆ ಒತ್ತಿ, ಕಣ್ಣು ಮಾತ್ರ ನನ್ನ ತೊಡೆಯ ಮೇಲಿನ ಪುಸ್ತಕದಲ್ಲೇ ಇಟ್ಟುಕೊಂಡು, ಮಲಗಿದ ಮಗುವಿನ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಹೇಳಿದಳು:

“ಇಲ್ಲ ಕನ್ ಮಗ... ಒಂದು ಸಲ ನಿನ್ನ ಕಾಯಿಸಿ ಕೊಂದೆ, ಈ ಸಲ ಸುಳ್ಳು ಯೋಳಾಕಿಲ್ಲ. ಇನ್ನೂ ಓಗಿಲ್ಲ. ಇಲ್ಲೇ ಜಗ್ಲಿ ಮ್ಯಾಲೆ ಕೂತವ್ರೆ. ನೀನೇ ಬಂದು ನೋಡು.”